ಮೆದುಳಿನ ಕಾವಲುಗಾರರು ಕೆರಳಿದಾಗ

ಮರೆವಿನ ಕಾಯಿಲೆ, ಕಂಪವಾತ ಮತ್ತು ಮೆದುಳಿನ ಉರಿಯೂತದ ಬಗ್ಗೆ ರೋಗಿಗಳಿಗೂ ಮನೆಯವರಿಗೂ ತಿಳಿವಳಿಕೆ

ಕಾಲಿಗೆ ಮುಳ್ಳು ಚುಚ್ಚಿದರೆ ಮರುದಿನ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಂಡು ನೋಯುತ್ತದೆ. ಮುಳ್ಳಿನ ಜೊತೆ ಒಳಹೊಕ್ಕ ರೋಗಾಣುಗಳನ್ನು ಕೊಲ್ಲಲು ರಕ್ತದ ಬಿಳಿ ಕಣಗಳು ಅಲ್ಲಿಗೆ ಧಾವಿಸಿ ಬಂದಿರುವುದೇ ಇದಕ್ಕೆ ಕಾರಣ. ಈ ಹೋರಾಟಕ್ಕೆ ವೈದ್ಯರು ಉರಿಯೂತ ಎನ್ನುತ್ತಾರೆ. ಮುಳ್ಳು ತೆಗೆದು ಗಾಯ ತೊಳೆದರೆ ನಾಲ್ಕಾರು ದಿನಗಳಲ್ಲಿ ಊತ ಇಳಿಯುತ್ತದೆ. ಕಾವಲಿಗೆ ಬಂದ ಕಣಗಳು ಕೆಲಸ ಮುಗಿಸಿ ಶಾಂತವಾಗುತ್ತವೆ.

ಇದೇ ಉರಿಯೂತ ತಲೆಬುರುಡೆಯ ಒಳಗೆ ನಡೆದರೆ ಏನಾಗುತ್ತದೆ? ಅಲ್ಲಿ ಊದಿಕೊಳ್ಳಲು ಜಾಗವಿಲ್ಲ. ಚರ್ಮ ಹೊಸದಾಗಿ ಬೆಳೆಯುವಂತೆ ಸತ್ತ ನರಕೋಶಗಳು ಮತ್ತೆ ಬೆಳೆಯುವುದಿಲ್ಲ. ಮೆದುಳಿಗೆ ಸ್ವತಃ ನೋವಿನ ಅರಿವೂ ಇಲ್ಲ. ಹಾಗಾಗಿ ಸಣ್ಣ ಪ್ರಮಾಣದ ಉರಿಯೂತವು ಯಾರಿಗೂ ತಿಳಿಯದಂತೆ ಎಷ್ಟೋ ವರ್ಷ ನಡೆದಿರಬಹುದು. ಮರೆವಿನ ಕಾಯಿಲೆಯಾದ ಅಲ್ಝೈಮರ್, ಕೈಕಾಲು ನಡುಗುವ ಪಾರ್ಕಿನ್ಸನ್ ಅಥವಾ ಕಂಪವಾತ, ಇವುಗಳಲ್ಲಿ ಇಂತಹ ಉರಿಯೂತಕ್ಕೂ ಒಂದು ಪಾತ್ರವಿದೆ ಎಂದು ಕಳೆದ ನಾಲ್ಕು ದಶಕಗಳ ಸಂಶೋಧನೆ ತೋರಿಸಿದೆ.

ಇದನ್ನು ರೋಗಿಗಳ ಮನೆಯವರು ಏಕೆ ತಿಳಿಯಬೇಕು? ಎರಡು ಕಾರಣಗಳಿವೆ. ಒಂದು, ಮೆದುಳಿನ ಉರಿಯೂತಗಳಲ್ಲಿ ಕೆಲವು ದಿನಗಳಲ್ಲಿ ಬೇಗ ಬಂದು, ಬೇಗ ಚಿಕಿತ್ಸೆ ಸಿಕ್ಕರೆ ವಾಸಿಯಾಗುವಂಥವು ಇವೆ. ಇವುಗಳನ್ನು ಹುಚ್ಚು ಅಥವಾ ಗಾಳಿ ಸೋಕಿದ್ದು ಎಂದು ತಿಳಿದು ಕಾಲ ಕಳೆಯುವವರು ಇಂದಿಗೂ ಇದ್ದಾರೆ. ಎರಡು, ನಿಧಾನವಾಗಿ ಬರುವ ಕಾಯಿಲೆಗಳನ್ನು ಪೂರ್ತಿ ವಾಸಿ ಮಾಡಲಾಗದಿದ್ದರೂ, ಅವು ಹದಗೆಡದಂತೆ ನೋಡಿಕೊಳ್ಳುವುದು ಬಹುಮಟ್ಟಿಗೆ ಮನೆಯವರ ಕೈಯಲ್ಲಿದೆ.

ಮೆದುಳಿನೊಳಗಿನ ಕಾವಲುಗಾರರು

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇವು ಬಹಳ ಸೂಕ್ಷ್ಮ. ಆದ್ದರಿಂದ ರಕ್ತದಲ್ಲಿರುವ ಎಲ್ಲ ವಸ್ತುಗಳೂ ಮೆದುಳಿನೊಳಗೆ ಹೋಗದಂತೆ ಅಲ್ಲಿಯ ರಕ್ತನಾಳಗಳ ಗೋಡೆ ಬಹಳ ಬಿಗಿಯಾಗಿದೆ. ಇದನ್ನು ಕೋಟೆಯ ಗೋಡೆ ಎಂದುಕೊಳ್ಳಿ. ರಕ್ತದ ಬಿಳಿ ಕಣಗಳಿಗೂ ಸಾಮಾನ್ಯ ದಿನಗಳಲ್ಲಿ ಈ ಗೋಡೆ ದಾಟಿ ಬೇಕಾದಂತೆ ಓಡಾಡಲು ಅವಕಾಶವಿಲ್ಲ.

ಹಾಗಾದರೆ ಕೋಟೆಯೊಳಗೆ ಕಾವಲು ಯಾರದು? ಅದಕ್ಕಾಗಿ ಮೆದುಳಿನಲ್ಲೇ ವಾಸಿಸುವ ಬೇರೆ ಜೀವಕೋಶಗಳಿವೆ. ಅವುಗಳ ಹೆಸರು ಮೈಕ್ರೋಗ್ಲಿಯಾ. ಸ್ಪೇನ್ ದೇಶದ ವಿಜ್ಞಾನಿ ಪಿಯೋ ಡೆಲ್ ರಿಯೋ ಓರ್ಟೆಗಾ 1919ರಲ್ಲಿ ಬೆಳ್ಳಿಯ ಲವಣದಿಂದ ಮೆದುಳಿನ ತೆಳು ಪದರಗಳಿಗೆ ಬಣ್ಣ ಹಾಕಿ ಇವುಗಳನ್ನು ಗುರುತಿಸಿ ಹೆಸರಿಟ್ಟರು. ಮೆದುಳಿನ ಜೀವಕೋಶಗಳಲ್ಲಿ ಹೆಚ್ಚು ಕಡಿಮೆ ಹತ್ತರಲ್ಲಿ ಒಂದು ಪಾಲು ಇವೇ. ಮಗು ತಾಯಿಯ ಗರ್ಭದಲ್ಲಿ ಇನ್ನೂ ಬಹಳ ಚಿಕ್ಕ ಪಿಂಡವಾಗಿರುವಾಗಲೇ ಇವು ಮೆದುಳನ್ನು ಸೇರಿ ಜೀವನಪೂರ್ತಿ ಅಲ್ಲೇ ನೆಲೆಸುತ್ತವೆ.

ಇವುಗಳಿಗೆ ಮರದ ಕೊಂಬೆಗಳಂತಹ ಸಣ್ಣ ಸಣ್ಣ ಚಾಚುಗಳಿವೆ. 2005ರಲ್ಲಿ ಜೀವಂತ ಇಲಿಯ ಮೆದುಳನ್ನು ವಿಶೇಷ ಸೂಕ್ಷ್ಮದರ್ಶಕದಿಂದ ನೋಡಿದಾಗ, ಯಾವ ಗಾಯವೂ ಇಲ್ಲದಿದ್ದರೂ ಈ ಚಾಚುಗಳು ಸದಾ ಆಡುತ್ತಾ ಸುತ್ತಲಿನ ಜಾಗವನ್ನು ತಡವಿ ನೋಡುತ್ತಿರುವುದು ಕಂಡುಬಂತು. ಹೊಲದಲ್ಲಿ ರಾತ್ರಿ ಕಾವಲಿರುವವನು ಬ್ಯಾಟರಿ ಹಾಕಿ ಸುತ್ತ ನೋಡುವ ಹಾಗೆ. ರೋಗಾಣು ಬಂದರೆ ನುಂಗುವುದು, ಸತ್ತ ಜೀವಕೋಶಗಳ ಕಸ ತೆಗೆಯುವುದು, ಬೆಳೆಯುವ ಮಕ್ಕಳ ಮೆದುಳಿನಲ್ಲಿ ಬೇಡವಾದ ನರಸಂಪರ್ಕಗಳನ್ನು ಕತ್ತರಿಸಿ ಬೇಕಾದವನ್ನು ಉಳಿಸುವುದು, ಇವೆಲ್ಲ ಅವುಗಳ ಕೆಲಸ. ಇವು ಇಲ್ಲದೆ ಮೆದುಳು ಆರೋಗ್ಯವಾಗಿ ಇರಲಾರದು ಎಂಬುದನ್ನು ಮೊದಲು ನೆನಪಿಡಬೇಕು.

ರಕ್ಷಣೆಯೇ ಹಾನಿಯಾಗುವುದು ಹೇಗೆ?

ಕಳೆ ಸುಡಲು ಹಚ್ಚಿದ ಬೆಂಕಿ ಗಾಳಿಗೆ ಹೊರಳಿದರೆ ಪಕ್ಕದ ಪೈರಿಗೂ ತಗಲುತ್ತದೆ. ಕಾವಲಿನ ಜೀವಕೋಶಗಳು ಶತ್ರುವಿನ ಮೇಲೆ ಬಿಡುವ ರಾಸಾಯನಿಕ ವಸ್ತುಗಳು ಹೀಗೆಯೇ ಅಕ್ಕಪಕ್ಕದ ಆರೋಗ್ಯವಂತ ನರಕೋಶಗಳನ್ನೂ ಸುಡುತ್ತವೆ. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಡೆ ಕಾಣುವ ಎರಡು ಕಾಯಿಲೆಗಳನ್ನು ನೋಡೋಣ.

ಮೊದಲನೆಯದು ಮೆದುಳಿನಲ್ಲಿ ಲಾಡಿಹುಳುವಿನ ಮರಿ ಸೇರುವುದರಿಂದ ಬರುವ ಫಿಟ್ಸ್. ಹೊಟ್ಟೆಯಲ್ಲಿ ಲಾಡಿಹುಳು ಇರುವವರ ಮಲದಿಂದ ಅದರ ಮೊಟ್ಟೆಗಳು ನೀರು, ಸೊಪ್ಪು, ಹಸಿ ತರಕಾರಿಗಳ ಮೂಲಕ ಬೇರೆಯವರ ಹೊಟ್ಟೆ ಸೇರುತ್ತವೆ. ಹೀಗಾಗಿ ಮಾಂಸ ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆ. ಮರಿ ಹುಳು ಮೆದುಳು ಸೇರಿ ಬದುಕಿರುವಷ್ಟು ದಿನ, ಕೆಲವೊಮ್ಮೆ ವರ್ಷಗಟ್ಟಲೆ, ಕಾವಲಿನವರ ಕಣ್ಣು ತಪ್ಪಿಸಿ ಇರುತ್ತದೆ. ಅದು ಸಾಯತೊಡಗಿದಾಗ ಕಾವಲಿನ ಜೀವಕೋಶಗಳು ಅದನ್ನು ಮುತ್ತಿಕೊಳ್ಳುತ್ತವೆ. ಸುತ್ತಲೂ ಊತ ಬರುತ್ತದೆ, ಫಿಟ್ಸ್ ಕಾಣಿಸಿಕೊಳ್ಳುತ್ತದೆ. ಅಂದರೆ ಬದುಕಿದ್ದ ಹುಳುವಿಗಿಂತ ಸಾಯುವ ಹುಳುವಿನ ಮೇಲೆ ನಡೆದ ದಾಳಿಯೇ ಹೆಚ್ಚು ತೊಂದರೆ ಕೊಟ್ಟಿತು. ಹುಳುವಿನ ಔಷಧಿಯ ಜೊತೆಗೆ ಊತ ಇಳಿಸುವ ಸ್ಟೀರಾಯ್ಡ್ ಔಷಧಿಯನ್ನೂ ವೈದ್ಯರು ಕೊಡುವುದು ಇದೇ ಕಾರಣಕ್ಕೆ.

ಎರಡನೆಯದು ಮೆದುಳಿನ ಪೊರೆಯ ಕ್ಷಯ. 2004ರಲ್ಲಿ ವಿಯೆಟ್ನಾಂ ದೇಶದಲ್ಲಿ 545 ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಎಲ್ಲರಿಗೂ ಕ್ಷಯದ ಔಷಧಿ ಕೊಡಲಾಗಿತ್ತು. ಅರ್ಧದಷ್ಟು ಜನರಿಗೆ ಜೊತೆಗೆ ಉರಿಯೂತ ಇಳಿಸುವ ಸ್ಟೀರಾಯ್ಡ್ ಕೊಟ್ಟರು. ಸ್ಟೀರಾಯ್ಡ್ ಇಲ್ಲದವರಲ್ಲಿ ನೂರಕ್ಕೆ 41 ಮಂದಿ ತೀರಿಕೊಂಡರೆ, ಕೊಟ್ಟವರಲ್ಲಿ ನೂರಕ್ಕೆ 32 ಮಂದಿ ತೀರಿಕೊಂಡರು. ಎರಡೂ ಗುಂಪುಗಳಲ್ಲಿ ಇದ್ದ ರೋಗಾಣು ಒಂದೇ. ದೇಹದ ಕೋಪವನ್ನು ಸ್ವಲ್ಪ ತಣಿಸಿದ್ದರಿಂದಲೇ ನೂರರಲ್ಲಿ ಒಂಬತ್ತು ಜೀವಗಳು ಉಳಿದವು.

ಹುಳು ಮತ್ತು ಕ್ಷಯದ ಕಾಯಿಲೆಯಲ್ಲಿ ಶತ್ರು ಯಾರೆಂದು ಗೊತ್ತು. ಅದನ್ನು ಕೊಂದರೆ ಹೋರಾಟ ಮುಗಿಯುತ್ತದೆ. ಮರೆವಿನ ಕಾಯಿಲೆಯಲ್ಲಿ ಹೋರಾಟ ಮುಗಿಯುವುದೇ ಇಲ್ಲ. ವ್ಯತ್ಯಾಸ ಇರುವುದು ಅಲ್ಲಿ.

ಅಲ್ಝೈಮರ್ ಕಾಯಿಲೆಯಲ್ಲಿ ಏನು ನಡೆಯುತ್ತದೆ?

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ 51 ವರ್ಷದ ಒಬ್ಬ ಹೆಂಗಸನ್ನು ಸೇರಿಸಿದರು. ಆಕೆಗೆ ತನ್ನ ಹೆಸರು ಬರೆಯುವುದೂ ಮರೆತುಹೋಗುತ್ತಿತ್ತು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಡಾ. ಅಲೋಯಿಸ್ ಅಲ್ಝೈಮರ್ ಆಕೆಯ ಮೆದುಳನ್ನು ಪರೀಕ್ಷಿಸಿ, ನರಕೋಶಗಳ ಹೊರಗೆ ಗಂಟುಗಂಟಾದ ಕಸವೂ ಒಳಗೆ ಸಿಕ್ಕುಬಿದ್ದ ಎಳೆಗಳೂ ಇರುವುದನ್ನು ವಿವರಿಸಿದರು. ಈಗ ಹೊರಗಿನ ಕಸಕ್ಕೆ ಅಮೈಲಾಯ್ಡ್ ಎಂದೂ ಒಳಗಿನ ಎಳೆಗಳಿಗೆ ಟಾವ್ ಎಂದೂ ಹೆಸರು. ಎರಡೂ ಪ್ರೋಟೀನುಗಳೇ.

ಈ ಕಸ ಸೇರಲು ಆರಂಭವಾಗುವುದು ಮರೆವು ಕಾಣುವುದಕ್ಕೆ 15ರಿಂದ 20 ವರ್ಷ ಮೊದಲು. ಕಸ ಕಂಡ ಮೈಕ್ರೋಗ್ಲಿಯಾಗಳು ಅದರ ಸುತ್ತ ಸೇರಿ ನುಂಗಲು ಪ್ರಯತ್ನಿಸುತ್ತವೆ, ನುಂಗಲಾಗದಿದ್ದರೆ ಸುತ್ತಲೂ ಬೇಲಿ ಹಾಕಿ ಹರಡದಂತೆ ತಡೆಯುತ್ತವೆ. ಇಲ್ಲಿಯವರೆಗೆ ಅವು ಮಾಡುವುದು ಒಳ್ಳೆಯ ಕೆಲಸವೇ. 2013ರಲ್ಲಿ ಪ್ರಕಟವಾದ ಅಧ್ಯಯನಗಳು ಇದಕ್ಕೆ ಬಲವಾದ ಸಾಕ್ಷಿ ಕೊಟ್ಟವು. ಟ್ರೆಮ್-2 ಎಂಬ ವಂಶವಾಹಿ ಮೆದುಳಿನಲ್ಲಿ ಮುಖ್ಯವಾಗಿ ಈ ಕಾವಲುಗಾರರಲ್ಲಿ ಕೆಲಸ ಮಾಡುತ್ತದೆ. ಅದರಲ್ಲಿ ಒಂದು ವಿಶೇಷ ದೋಷ ಇರುವವರಿಗೆ ಅಲ್ಝೈಮರ್ ಬರುವ ಅಪಾಯ ಎರಡರಿಂದ ನಾಲ್ಕು ಪಟ್ಟು ಹೆಚ್ಚು. ಅಂದರೆ ಕಾವಲುಗಾರ ಸೋಮಾರಿಯಾದರೂ ಕಾಯಿಲೆ ಹೆಚ್ಚುತ್ತದೆ.

ಕಸ ಮುಗಿಯದೆ ವರ್ಷಗಟ್ಟಲೆ ಹಾಗೇ ಉಳಿದಾಗ ಸಮಸ್ಯೆ ಶುರುವಾಗುತ್ತದೆ. ದಣಿದ ಕಾವಲುಗಾರರು ಕಸ ತೆಗೆಯುವುದನ್ನು ಕಡಿಮೆ ಮಾಡಿ, ಉರಿಯೂತದ ರಾಸಾಯನಿಕಗಳನ್ನು ಮಾತ್ರ ಸುರಿಸುತ್ತಾ ಹೋಗುತ್ತವೆ. ಮಕ್ಕಳ ಮೆದುಳಿನಲ್ಲಿ ಬೇಡದ ನರಸಂಪರ್ಕ ಕತ್ತರಿಸುತ್ತಿದ್ದ ಕೆಲಸ ಮುದಿ ಮೆದುಳಿನಲ್ಲಿ ಮತ್ತೆ ಆರಂಭವಾಗಿ, ಬೇಕಾದ ಸಂಪರ್ಕಗಳೂ ನಾಶವಾಗುವುದನ್ನು ಇಲಿಗಳಲ್ಲಿ ನೋಡಲಾಗಿದೆ. ನೆನಪು ಉಳಿಯುವುದು ಈ ಸಂಪರ್ಕಗಳಲ್ಲೇ. ಅವು ಕಡಿದುಹೋದರೆ ಮೊಮ್ಮಗನ ಹೆಸರು, ಬೆಳಿಗ್ಗೆ ಊಟ ಮಾಡಿದ್ದು, ಮನೆಯ ದಾರಿ ಒಂದೊಂದಾಗಿ ಅಳಿಸಿಹೋಗುತ್ತವೆ.

ಕಂಪವಾತದಲ್ಲಿ ಏನು ನಡೆಯುತ್ತದೆ?

ಪಾರ್ಕಿನ್ಸನ್ ಕಾಯಿಲೆಯಲ್ಲಿ ಮೆದುಳಿನ ಬುಡದ ಕಡೆ ಇರುವ, ಡೋಪಮಿನ್ ತಯಾರಿಸುವ ನರಕೋಶಗಳು ಸಾಯುತ್ತವೆ. ಅದರಿಂದ ಕೈ ನಡುಗುತ್ತದೆ, ಮೈ ಬಿಗಿಯಾಗುತ್ತದೆ, ನಡಿಗೆ ನಿಧಾನವಾಗುತ್ತದೆ. ಕೆನಡಾ ದೇಶದ ಮೆಕ್‌ಗೀರ್ ದಂಪತಿಗಳು ಮತ್ತು ಸಂಗಡಿಗರು 1988ರಲ್ಲಿ ತೀರಿಕೊಂಡ ರೋಗಿಗಳ ಮೆದುಳನ್ನು ನೋಡಿ, ನರಕೋಶಗಳು ಸತ್ತ ಜಾಗದಲ್ಲೇ ಕೆರಳಿದ ಮೈಕ್ರೋಗ್ಲಿಯಾಗಳು ಗುಂಪಾಗಿ ಇರುವುದನ್ನು ತೋರಿಸಿದರು.

ಇವು ಕೊಂದವರೋ ಅಥವಾ ಸತ್ತ ಮೇಲೆ ಕಸ ತೆಗೆಯಲು ಬಂದವರೋ ಎಂಬ ಪ್ರಶ್ನೆ ಎದ್ದಿತು. ಇದಕ್ಕೆ ಒಂದು ದುಃಖದ ಘಟನೆ ಸ್ವಲ್ಪ ಬೆಳಕು ಕೊಟ್ಟಿತು. 1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕ ಯುವತಿಯರು ಮಾದಕ ವಸ್ತುವೆಂದು ತಿಳಿದು ಕಲಬೆರಕೆ ರಾಸಾಯನಿಕವನ್ನು ಚುಚ್ಚಿಕೊಂಡರು. ಅವರಿಗೆ ಕೆಲವೇ ದಿನಗಳಲ್ಲಿ ವೃದ್ಧರಿಗೆ ಬರುವ ಕಂಪವಾತದ ಲಕ್ಷಣಗಳೆಲ್ಲ ಬಂದವು. ಆ ವಿಷಕ್ಕೆ ಗುರಿಯಾಗಿದ್ದ ಮೂವರ ಮೆದುಳಿನ ಪರೀಕ್ಷೆಯ ವರದಿ 1999ರಲ್ಲಿ ಪ್ರಕಟವಾಯಿತು. ವಿಷ ದೇಹ ಸೇರಿ 3ರಿಂದ 16 ವರ್ಷ ಕಳೆದಿದ್ದರೂ ಅವರ ಮೆದುಳಿನಲ್ಲಿ ಕೆರಳಿದ ಮೈಕ್ರೋಗ್ಲಿಯಾಗಳು ಇನ್ನೂ ಇದ್ದವು, ನರಕೋಶಗಳು ಇನ್ನೂ ಸಾಯುತ್ತಿದ್ದವು. ಮುಳ್ಳು ಹೋಗಿ ಎಷ್ಟೋ ವರ್ಷವಾದರೂ ಊತ ಇಳಿದಿರಲಿಲ್ಲ. ಒಮ್ಮೆ ಹೊತ್ತಿಕೊಂಡ ಉರಿ ತನ್ನನ್ನು ತಾನೇ ಉರಿಸಿಕೊಂಡು ಹೋಗಬಹುದು ಎಂಬ ಅನುಮಾನಕ್ಕೆ ಇದು ಬಲ ಕೊಟ್ಟಿತು.

ಹೊರಗಿನ ಕಣಗಳು ಕೋಟೆಯೊಳಗೆ ನುಗ್ಗಿದಾಗ

ಕೆಲವು ಕಾಯಿಲೆಗಳಲ್ಲಿ ರಕ್ತದ ಬಿಳಿ ಕಣಗಳು ಗೋಡೆ ದಾಟಿ ಒಳನುಗ್ಗಿ, ತಮ್ಮದೇ ಮೆದುಳನ್ನು ಶತ್ರು ಎಂದು ತಪ್ಪು ತಿಳಿಯುತ್ತವೆ.

ಮಲ್ಟಿಪಲ್ ಸ್ಕ್ಲೆರೋಸಿಸ್ ಇಂಥದ್ದು. ಕರೆಂಟಿನ ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನರತಂತುಗಳ ಮೇಲೂ ಒಂದು ಹೊದಿಕೆ ಇರುತ್ತದೆ. ಬಿಳಿ ಕಣಗಳು ಅದನ್ನು ಸುಲಿಯುತ್ತವೆ. ಇಪ್ಪತ್ತು ಮೂವತ್ತರ ವಯಸ್ಸಿನಲ್ಲೇ ಒಂದು ಕಣ್ಣು ಮಂಜಾಗುವುದು, ಕಾಲಿನ ಬಲ ಕುಂದುವುದು, ಮೈ ಜೋಮು ಹಿಡಿಯುವುದು ಬಂದು ಹೋಗುತ್ತಿರುತ್ತದೆ. ಅಮೆರಿಕದ ಸೈನ್ಯದ ಒಂದು ಕೋಟಿಗೂ ಹೆಚ್ಚು ಜನರ ದಾಖಲೆ ನೋಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಪ್‌ಸ್ಟೀನ್ ಬಾರ್ ಎಂಬ ವೈರಸ್ ಸೋಂಕಾದ ನಂತರ ಈ ಕಾಯಿಲೆಯ ಅಪಾಯ 32 ಪಟ್ಟು ಹೆಚ್ಚಾಗಿತ್ತು. ಈ ವೈರಸ್ ಸೋಂಕು ಬಹುತೇಕ ಎಲ್ಲರಿಗೂ ಒಮ್ಮೆ ಆಗುತ್ತದೆ. ಅವರಲ್ಲಿ ಕಾಯಿಲೆ ಬರುವುದು ಬಹಳ ಕೆಲವರಿಗೆ ಮಾತ್ರ. ಬಿಳಿ ಕಣಗಳನ್ನು ಹತೋಟಿಯಲ್ಲಿಡುವ ಔಷಧಿಗಳು ಈಗ ಹಲವು ಇವೆ. ಬೇಗ ಆರಂಭಿಸಿದಷ್ಟೂ ಅಂಗವಿಕಲತೆ ಕಡಿಮೆ.

ಇನ್ನೊಂದು ಕಾಯಿಲೆಯನ್ನು ಪ್ರತಿ ಮನೆಯವರೂ ತಿಳಿದಿರಬೇಕು. ಚೆನ್ನಾಗಿ ಓದುತ್ತಿದ್ದ ಹುಡುಗಿ ಅಥವಾ ಮನೆಕೆಲಸ ನೋಡಿಕೊಂಡಿದ್ದ ಸೊಸೆ ಎರಡು ಮೂರು ವಾರದೊಳಗೆ ಇದ್ದಕ್ಕಿದ್ದಂತೆ ಅರ್ಥವಿಲ್ಲದೆ ಮಾತನಾಡುವುದು, ರಾತ್ರಿ ನಿದ್ದೆ ಮಾಡದೆ ಕೂಗುವುದು, ಬಾಯಿ ಮುಖ ವಿಚಿತ್ರವಾಗಿ ಆಡಿಸುವುದು, ನಂತರ ಫಿಟ್ಸ್ ಬರುವುದು. ಇಂಥವರನ್ನು ಮೊದಲು ಮಂತ್ರ ಹಾಕಿಸಲು, ತಾಯಿತ ಕಟ್ಟಿಸಲು ಕರೆದೊಯ್ಯುತ್ತಾರೆ. ಇದು ದೇಹವೇ ಮೆದುಳಿನ ವಿರುದ್ಧ ತಯಾರಿಸಿದ ಪ್ರತಿಕಾಯಗಳಿಂದ ಬರುವ ಮೆದುಳಿನ ಉರಿಯೂತ ಆಗಿರಬಹುದು. 2007ರಲ್ಲಿ ಡಾ. ಜೋಸೆಫ್ ದಾಲ್ಮಾವ್ ಮತ್ತು ಸಂಗಡಿಗರು ಇದರ ಮುಖ್ಯ ಬಗೆಯೊಂದನ್ನು ವಿವರಿಸಿದರು. ಯುವತಿಯರಲ್ಲಿ ಕೆಲವೊಮ್ಮೆ ಅಂಡಾಶಯದ ಗಡ್ಡೆ ಇದಕ್ಕೆ ಮೂಲವಾಗಿರುತ್ತದೆ. ರಕ್ತ ಮತ್ತು ಬೆನ್ನುಹುರಿಯ ನೀರಿನ ಪರೀಕ್ಷೆಯಿಂದ ಪತ್ತೆಯಾಗುತ್ತದೆ. 2013ರಲ್ಲಿ ಪ್ರಕಟವಾದ 577 ರೋಗಿಗಳ ಅಧ್ಯಯನದಲ್ಲಿ, ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 80 ಮಂದಿ ಎರಡು ವರ್ಷದೊಳಗೆ ಚೆನ್ನಾಗಿ ಚೇತರಿಸಿಕೊಂಡಿದ್ದರು. ಬೇಗ ಚಿಕಿತ್ಸೆ ಸಿಕ್ಕವರು ಹೆಚ್ಚು ಚೇತರಿಸಿಕೊಂಡರು. ಇಲ್ಲಿ ಕಳೆದ ಒಂದೊಂದು ವಾರಕ್ಕೂ ಬೆಲೆ ಇದೆ.

ಹಾಗಾದರೆ ಉರಿಯೂತ ಇಳಿಸುವ ಮಾತ್ರೆ ನುಂಗಿದರೆ ಮರೆವು ಬರುವುದಿಲ್ಲವೇ?

ಇದು ಸಹಜವಾದ ಪ್ರಶ್ನೆ. ವಿಜ್ಞಾನಿಗಳೂ ಇದನ್ನೇ ಕೇಳಿದರು. ಸಂಧಿವಾತಕ್ಕೆ ವರ್ಷಗಟ್ಟಲೆ ಔಷಧಿ ತೆಗೆದುಕೊಂಡವರಲ್ಲಿ ಮರೆವಿನ ಕಾಯಿಲೆ ಕಡಿಮೆ ಎಂದು 1990ರ ಸುಮಾರಿಗೆ ಕಂಡುಬಂದಿತ್ತು. ಆದ್ದರಿಂದ 2001ರಲ್ಲಿ ಅಮೆರಿಕದಲ್ಲಿ 70 ದಾಟಿದ ವೃದ್ಧರಿಗೆ ಎರಡು ಬಗೆಯ ನೋವಿನ ಮಾತ್ರೆಗಳನ್ನು ಕೊಟ್ಟು ನೋಡುವ ದೊಡ್ಡ ಪ್ರಯೋಗ ಆರಂಭವಾಯಿತು. ಹೃದಯ ಮತ್ತು ರಕ್ತನಾಳಗಳಿಗೆ ಅಪಾಯವಾಗಬಹುದೆಂಬ ಆತಂಕದಿಂದ 2004ರ ಡಿಸೆಂಬರಿನಲ್ಲಿ ಮಾತ್ರೆಗಳನ್ನು ನಿಲ್ಲಿಸಲಾಯಿತು. ಮರೆವು ತಡೆಯುವ ಲಾಭವೂ ಕಾಣಲಿಲ್ಲ. ಇದಕ್ಕೆ ಕಾರಣ ಖಚಿತವಾಗಿ ತಿಳಿದಿಲ್ಲ. ಕಾವಲುಗಾರರ ಕೈಕಾಲು ಕಟ್ಟಿಹಾಕಿದರೆ ಅವರ ಒಳ್ಳೆಯ ಕೆಲಸವೂ ನಿಂತುಹೋಗಬಹುದು. ಆದ್ದರಿಂದ ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ಅಥವಾ ಸ್ಟೀರಾಯ್ಡ್ ತಂದು ಸ್ವಂತವಾಗಿ ನುಂಗಬೇಡಿ. ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ, ಸಕ್ಕರೆ ಏರುವುದು, ಇವೇ ಅದರ ಫಲ.

ಇದಕ್ಕೆ ವಿರುದ್ಧವಾದ ದಾರಿಯಲ್ಲಿ, ಕಾವಲುಗಾರರಿಗೆ ಕಸವನ್ನು ತೋರಿಸಿಕೊಡುವ ಹೊಸ ಔಷಧಿಗಳು ಬಂದಿವೆ. ಲೆಕಾನೆಮ್ಯಾಬ್ ಎಂಬ ಪ್ರತಿಕಾಯಕ್ಕೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ಅಮೈಲಾಯ್ಡ್ ಕಸಕ್ಕೆ ಅಂಟಿಕೊಳ್ಳುತ್ತದೆ, ಗುರುತು ಹಿಡಿದ ಮೈಕ್ರೋಗ್ಲಿಯಾ ಅದನ್ನು ನುಂಗುತ್ತದೆ. 18 ತಿಂಗಳ ಪರೀಕ್ಷೆಯಲ್ಲಿ ಕಾಯಿಲೆ ಹದಗೆಡುವ ವೇಗ ನೂರಕ್ಕೆ 27ರಷ್ಟು ಕಡಿಮೆಯಾಯಿತು. ಹೋದ ನೆನಪು ಮರಳಲಿಲ್ಲ. ನೂರರಲ್ಲಿ ಸುಮಾರು 13 ಮಂದಿಯ ಸ್ಕ್ಯಾನ್‌ನಲ್ಲಿ ಮೆದುಳಿನ ಊತ ಕಂಡಿತು, ಕೆಲವರಲ್ಲಿ ರಕ್ತಸ್ರಾವವೂ ಆಯಿತು. ಬಹಳ ದುಬಾರಿ, ಮೇಲಿಂದ ಮೇಲೆ ಸ್ಕ್ಯಾನ್ ಬೇಕು, ಆರಂಭದ ಹಂತದವರಿಗೆ ಮಾತ್ರ. ದಾರಿ ಕಂಡಿದೆ, ಇನ್ನೂ ದೂರ ಹೋಗಬೇಕಿದೆ.

ದೇಹಕ್ಕೆ ಸೋಂಕು, ಮೆದುಳಿಗೆ ಸನ್ನಿ

"ನಮ್ಮ ಅವ್ವ ನಿನ್ನೀ ತನಕ ಛಲೋ ಇದ್ಲರಿ, ಇವತ್ತ ನನ್ನ ಗುರ್ತನ ಹಿಡೀವಲ್ಲಳ್ರಿ." ವಯಸ್ಸಾದವರನ್ನು ಕರೆತರುವ ಮಕ್ಕಳು ಹೇಳುವ ಮಾತು ಇದು. ಇದನ್ನು ಕೇಳಿದ ಕೂಡಲೇ ವೈದ್ಯರು ಮೆದುಳಿಗಿಂತ ಮೊದಲು ಉಳಿದ ದೇಹವನ್ನು ನೋಡುತ್ತಾರೆ. ಮೂತ್ರದ ಸೋಂಕು, ನ್ಯುಮೋನಿಯಾ, ಕಾಲಿನ ಹುಣ್ಣು, ನೀರು ಕಡಿಮೆಯಾಗುವುದು, ರಕ್ತದಲ್ಲಿ ಸೋಡಿಯಂ ಅಥವಾ ಸಕ್ಕರೆ ಇಳಿಯುವುದು, ಮೂತ್ರ ಕಟ್ಟುವುದು, ಹೊಸ ಮಾತ್ರೆ, ಗೊತ್ತಾಗದೆ ಮುರಿದ ಸೊಂಟದ ಎಲುಬು, ಇವುಗಳಲ್ಲಿ ಯಾವುದಾದರೂ ಇರಬಹುದು. ವೃದ್ಧರಲ್ಲಿ ಸೋಂಕಿದ್ದರೂ ಜ್ವರ ಬರದೇ ಇರಬಹುದು. ಗೊಂದಲವೇ ಅದರ ಮೊದಲ ಲಕ್ಷಣ. ಹಿರಿಯರು ಇದನ್ನೇ ಸನ್ನಿ ಎನ್ನುತ್ತಿದ್ದರು.

ದೇಹದ ಸೋಂಕು ಮೆದುಳಿಗೆ ಹೇಗೆ ತಟ್ಟುತ್ತದೆ? ಶ್ವಾಸಕೋಶದಲ್ಲಿ ಅಥವಾ ಮೂತ್ರಕೋಶದಲ್ಲಿ ಹೋರಾಟ ನಡೆದಾಗ ಉರಿಯೂತದ ರಾಸಾಯನಿಕ ಸುದ್ದಿ ರಕ್ತ ಮತ್ತು ನರಗಳ ಮೂಲಕ ಮೆದುಳನ್ನು ಮುಟ್ಟುತ್ತದೆ. ಜ್ವರ ಬಂದಾಗ ಮಂಕು, ಮಲಗುವ ಆಸೆ, ಊಟ ಬೇಡವಾಗುವುದು ಇದರಿಂದಲೇ. ಎಳೆಯರಲ್ಲಿ ಇದು ಅಷ್ಟಕ್ಕೇ ನಿಲ್ಲುತ್ತದೆ. ಮೊದಲೇ ಮರೆವಿನ ಕಾಯಿಲೆ ಇರುವವರ ಮೆದುಳಿನಲ್ಲಿ ಕಾವಲುಗಾರರು ಅರ್ಧ ಕೆರಳಿಯೇ ಇರುತ್ತಾರೆ. ಬೂದಿ ಮುಚ್ಚಿದ ಕೆಂಡಕ್ಕೆ ಗಾಳಿ ಊದಿದಂತೆ, ದೇಹದ ಸಣ್ಣ ಸೋಂಕೂ ಅಲ್ಲಿ ದೊಡ್ಡ ಉರಿ ಎಬ್ಬಿಸುವುದನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಸನ್ನಿ ಬಂದು ಹೋದ ಮೇಲೆ ಮರೆವು ಮೊದಲಿಗಿಂತ ವೇಗವಾಗಿ ಹೆಚ್ಚುವುದನ್ನು ರೋಗಿಗಳಲ್ಲೂ ಕಂಡಿದ್ದೇವೆ. ಆದ್ದರಿಂದ ಮರೆವಿನ ರೋಗಿಗೆ ಸೋಂಕು ಬಾರದಂತೆ ನೋಡಿಕೊಳ್ಳುವುದು, ಬಂದರೆ ಅಂದೇ ಚಿಕಿತ್ಸೆ ಕೊಡಿಸುವುದು ಮೆದುಳಿಗೇ ಮಾಡುವ ಚಿಕಿತ್ಸೆ.

ಸನ್ನಿಯಲ್ಲಿರುವವರನ್ನು ಕೈಕಾಲು ಕಟ್ಟಬೇಡಿ, ಗದರಬೇಡಿ. ಪರಿಚಯದವರೊಬ್ಬರು ಪಕ್ಕದಲ್ಲಿ ಕುಳಿತು ಹೆಸರು ಹಿಡಿದು ನಿಧಾನವಾಗಿ ಮಾತನಾಡಿಸಲಿ. ಕನ್ನಡಕ, ಕಿವಿಯ ಯಂತ್ರ ಇದ್ದರೆ ಹಾಕಿ. ಹಗಲು ಬೆಳಕು ಬರಲಿ, ರಾತ್ರಿ ಗದ್ದಲ ಕಡಿಮೆ ಇರಲಿ.

ಬಾರದಂತೆ ನೋಡಿಕೊಳ್ಳುವುದು

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜು ಮಾಡಿತು. ನಮ್ಮ ರಾಜ್ಯದಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುವ ದೊಡ್ಡ ಅಧ್ಯಯನವನ್ನು ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರ ಕೈಗೊಂಡಿದೆ. ಹಳ್ಳಿಯ ಜನರ ಮೆದುಳು ಹೇಗೆ ಮುದಿಯಾಗುತ್ತದೆ ಎಂಬುದು ಇದರಿಂದ ತಿಳಿಯಲಿದೆ.

ಪ್ರಪಂಚದ ಮರೆವಿನ ಕಾಯಿಲೆಯಲ್ಲಿ ನೂರಕ್ಕೆ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ ಹೇಳಿತು. ಅದು ಹೇಳಿದ 14 ಕಾರಣಗಳಲ್ಲಿ ಹಲವು ದೇಹದ ಉರಿಯೂತವನ್ನು ಹೆಚ್ಚಿಸುವಂಥವೇ. ನಾವು ಮಾಡಬಹುದಾದದ್ದು ಇಷ್ಟು:

1. ಬಿ.ಪಿ. ಮತ್ತು ಸಕ್ಕರೆಯನ್ನು ನಲವತ್ತರ ವಯಸ್ಸಿನಿಂದಲೇ ಹತೋಟಿಯಲ್ಲಿಡಿ. ಮಾತ್ರೆ ಮಧ್ಯೆ ನಿಲ್ಲಿಸಬೇಡಿ. ಕೆಟ್ಟ ಕೊಬ್ಬು ಪರೀಕ್ಷಿಸಿಕೊಳ್ಳಿ.
2. ಬೀಡಿ, ಸಿಗರೇಟು, ಮದ್ಯ ಬಿಡಿ. ಕಟ್ಟಿಗೆ ಒಲೆಯ ಹೊಗೆ ಅಡುಗೆಮನೆಯಲ್ಲಿ ನಿಲ್ಲದಂತೆ ನೋಡಿಕೊಳ್ಳಿ.
3. ದಿನವೂ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಹೊಟ್ಟೆಯ ಬೊಜ್ಜು ಕರಗಿಸಿ.
4. ಕಿವಿ ಕೇಳದಿದ್ದರೆ, ಕಣ್ಣಿಗೆ ಪೊರೆ ಬಂದಿದ್ದರೆ, ವಯಸ್ಸಾಯಿತೆಂದು ಬಿಡಬೇಡಿ. ಯಂತ್ರ ಹಾಕಿಸಿ, ಶಸ್ತ್ರಚಿಕಿತ್ಸೆ ಮಾಡಿಸಿ.
5. ಬೈಕಿನಲ್ಲಿ ಹಿಂದೆ ಕುಳಿತವರೂ ಹೆಲ್ಮೆಟ್ ಹಾಕಿ. ತಲೆಗೆ ಬಿದ್ದ ಪೆಟ್ಟು ಮೆದುಳಿನಲ್ಲಿ ಉರಿಯೂತವನ್ನು ಬಹುಕಾಲ ಉಳಿಸಬಲ್ಲದು.
6. ವೃದ್ಧರನ್ನು ಒಂದೇ ಕೋಣೆಯಲ್ಲಿ ಒಂಟಿಯಾಗಿ ಬಿಡಬೇಡಿ. ಮಾತು, ಓದು, ಭಜನೆ, ಹೂ ಕಟ್ಟುವುದು, ಕಾಳು ಆರಿಸುವುದು ಯಾವುದಾದರೂ ಇರಲಿ. ಮನಸ್ಸು ಕುಗ್ಗಿದ್ದರೆ ಚಿಕಿತ್ಸೆ ಕೊಡಿಸಿ.
7. ವೈದ್ಯರನ್ನು ಕೇಳಿ ವೃದ್ಧರಿಗೆ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿ. ಸರ್ಪಸುತ್ತಿನ ಲಸಿಕೆ ಪಡೆದ ವೃದ್ಧರಲ್ಲಿ ಏಳು ವರ್ಷಗಳಲ್ಲಿ ಮರೆವಿನ ಕಾಯಿಲೆ ಐದರಲ್ಲಿ ಒಂದು ಭಾಗದಷ್ಟು ಕಡಿಮೆಯಾದದ್ದು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ದಾಖಲೆಗಳಿಂದ 2025ರಲ್ಲಿ ತಿಳಿಯಿತು. ಈ ಲಸಿಕೆ ಕೊಡುವುದು ಸರ್ಪಸುತ್ತು ತಡೆಯಲು. ಮರೆವಿಗೆ ಆಗುವ ಲಾಭದ ಅಧ್ಯಯನ ಮುಂದುವರಿದಿದೆ.
8. ಸೊಪ್ಪು, ಹಸಿ ತರಕಾರಿ ಚೆನ್ನಾಗಿ ತೊಳೆದು ತಿನ್ನಿ. ಶೌಚಾಲಯ ಬಳಸಿ, ಸೋಪು ಹಚ್ಚಿ ಕೈ ತೊಳೆಯಿರಿ.

ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಮರೆವಿನ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆಯೇ?
ಇಲ್ಲ. ರೋಗಿಯ ಜೊತೆ ಊಟ ಮಾಡಬಹುದು, ಮಕ್ಕಳನ್ನು ಅವರ ತೊಡೆಯ ಮೇಲೆ ಕೂರಿಸಬಹುದು.

ತಾಯಿಗೆ ಬಂದರೆ ಮಕ್ಕಳಿಗೂ ಬರುತ್ತದೆಯೇ?
ಅಪಾಯ ಸ್ವಲ್ಪ ಹೆಚ್ಚು, ಆದರೆ ಬಂದೇ ಬರುತ್ತದೆ ಎಂದಲ್ಲ. ನೇರವಾಗಿ ವಂಶದಲ್ಲಿ ಇಳಿದು ಬರುವ ಬಗೆ ಬಹಳ ವಿರಳ, ಅದು ಸಾಮಾನ್ಯವಾಗಿ 65ಕ್ಕೆ ಮೊದಲೇ ಕಾಣಿಸುತ್ತದೆ.

ರೋಗನಿರೋಧಕ ಶಕ್ತಿ ಹೆಚ್ಚಿಸುವ ಟಾನಿಕ್, ಪುಡಿ ಕೊಡಬಹುದೇ?
ಮೆದುಳಿನ ಕಾಯಿಲೆಯಲ್ಲಿ ಕಾವಲುಗಾರರ ಶಕ್ತಿ ಕಡಿಮೆಯಾಗಿದೆ ಎನ್ನುವುದಕ್ಕಿಂತ ಹದ ತಪ್ಪಿದೆ ಎನ್ನುವುದು ಸರಿ. ಅದನ್ನು ಹದಕ್ಕೆ ತರುತ್ತದೆಂದು ಸಾಬೀತಾದ ಟಾನಿಕ್ ಇಲ್ಲ. ಆ ಹಣದಲ್ಲಿ ಹಾಲು, ಕಾಳು, ಹಣ್ಣು, ಸೊಪ್ಪು ತನ್ನಿ.

ಎಲ್ಲ ಮರೆವೂ ವಾಸಿಯಾಗದ ಕಾಯಿಲೆಯೇ?
ಅಲ್ಲ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ, ಮನಸ್ಸಿನ ಖಿನ್ನತೆ, ಇವುಗಳಿಂದ ಬಂದ ಮರೆವು ಚಿಕಿತ್ಸೆಯಿಂದ ಸುಧಾರಿಸುತ್ತದೆ. ಮಾಂಸ, ಮೊಟ್ಟೆ ತಿನ್ನದವರಲ್ಲಿ, ಅದರಲ್ಲೂ ಹಾಲು ಮೊಸರು ಕಡಿಮೆ ಸೇವಿಸುವವರಲ್ಲಿ, ಬಿ-12 ಕೊರತೆ ಹೆಚ್ಚು. ಅದಕ್ಕಾಗಿಯೇ ಮೊದಲು ಪರೀಕ್ಷೆ ಬೇಕು.

ಎಲ್ಲಿ ತೋರಿಸಬೇಕು?
ಮೊದಲು ನಿಮ್ಮ ಹತ್ತಿರದ ವೈದ್ಯರಿಗೆ ತೋರಿಸಿ. ಅಗತ್ಯವಿದ್ದರೆ ಅವರೇ ನರರೋಗ ತಜ್ಞರ ಬಳಿ ಕಳುಹಿಸುತ್ತಾರೆ. ಕರ್ನಾಟಕ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದ ಚಿಕಿತ್ಸಾಲಯಗಳ ಬಗ್ಗೆ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ತಡ ಮಾಡದೆ ಆಸ್ಪತ್ರೆಗೆ ಕರೆತರಬೇಕಾದ ಲಕ್ಷಣಗಳು

• ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಬಂದ ಗೊಂದಲ, ಮಂಪರು, ಅರ್ಥವಿಲ್ಲದ ಮಾತು
• ವಾರಗಳಲ್ಲಿ ಬದಲಾದ ನಡತೆ, ಅದರ ಜೊತೆ ಫಿಟ್ಸ್ ಅಥವಾ ವಿಚಿತ್ರ ಚಲನೆ
• ಜ್ವರ, ತಲೆನೋವು, ವಾಂತಿ, ಕತ್ತು ಬಿಗಿಯುವುದು
• ಮೊದಲ ಬಾರಿ ಬಂದ ಫಿಟ್ಸ್
• ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗುವುದು, ಕೈಕಾಲು ಬೀಳುವುದು, ಮಾತು ತೊದಲುವುದು, ಒಂದು ಕಣ್ಣು ಮಂಜಾಗುವುದು

ಕರೆತರುವಾಗ ರೋಗಿ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ, ಹಳೆಯ ಚೀಟಿಗಳನ್ನೂ ತನ್ನಿ. ಬದಲಾವಣೆ ಯಾವ ದಿನ ಆರಂಭವಾಯಿತು ಎಂದು ಹೇಳಬಲ್ಲವರೊಬ್ಬರು ಜೊತೆಗೆ ಬನ್ನಿ. ಎಷ್ಟೋ ಸಲ ಸ್ಕ್ಯಾನ್‌ಗಿಂತ ಆ ಒಂದು ಮಾತೇ ಕಾಯಿಲೆಯ ಗುರುತು ಕೊಡುತ್ತದೆ.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಅಪ್ಪ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುವುದು ಹಟದಿಂದಲ್ಲ. ಊಟ ಮಾಡಿ ಎದ್ದ ಅವ್ವ "ಸೊಸೆ ಊಟ ಹಾಕಲಿಲ್ಲ" ಎನ್ನುವುದು ಸುಳ್ಳು ಹೇಳಬೇಕೆಂದಲ್ಲ. ಅವರ ಮೆದುಳಿನಲ್ಲಿ ನಮಗೆ ಕಾಣದ ಒಂದು ಉರಿ ಬಹುಕಾಲದಿಂದ ನಡೆದಿದೆ, ಊಟ ಮಾಡಿದ ನೆನಪು ಅಲ್ಲಿ ಉಳಿದಿಲ್ಲ. ಇದು ಯಾರ ಪಾಪದ ಫಲವೂ ಅಲ್ಲ, ಯಾರ ತಪ್ಪೂ ಅಲ್ಲ. ವಾದ ಮಾಡದೆ ಎರಡು ತುತ್ತು ಮತ್ತೆ ಬಡಿಸಿದರೆ ಅವರ ಮನಸ್ಸು ನೆಮ್ಮದಿಯಾಗುತ್ತದೆ, ಮನೆಯೂ ಶಾಂತವಾಗುತ್ತದೆ. ಹಗಲಿರುಳು ನೋಡಿಕೊಳ್ಳುವ ಸೊಸೆಗೋ ಮಗಳಿಗೋ ವಾರಕ್ಕೊಂದು ದಿನ ಬಿಡುವು ಕೊಡಿ, ಆ ದಿನ ಮನೆಯ ಗಂಡಸರು ಆ ಕೆಲಸ ವಹಿಸಿಕೊಳ್ಳಲಿ. ಆರೈಕೆ ಮಾಡುವವರು ಗಟ್ಟಿಯಾಗಿದ್ದರೆ ರೋಗಿಯೂ ಗಟ್ಟಿಯಾಗಿರುತ್ತಾರೆ.